ಪೋರ್ಟೊಫಿನೊಗೆ ಒಂದು ದಿನ: ನೀವು ಕೇಳಿದ್ದು, ನಾನು ಕಂಡಿದ್ದು

ಎರಡು ಸಂಚಿಕೆ ಹಿಂದೆ ಇದೇ ಅಂಕಣದಲ್ಲಿ ಇಟಲಿಯ ಲಿಗುರಿಯಾ ಕರಾವಳಿಯ ಬಗ್ಗೆ ಬರೆಯುವಾಗ ಒಂದು ಸಾಲು ಹಾಕಿದ್ದೆ: "ಪೋರ್ಟೊಫಿನೊಗೆ ಖಂಡಿತ ಹೋಗಿ, ಆದರೆ ಅಲ್ಲೇ ಜಾಸ್ತಿ ಹೊತ್ತು ಕೂರಬೇಡಿ." ಪೋರ್ಟೊಫಿನೊ ಅಂದರೆ ಆ ಕರಾವಳಿಯ ಒಂದು ಪುಟ್ಟ ಬಂದರಿನ ಊರು, ಶ್ರೀಮಂತರ ಹಡಗುಗಳು ಬಂದು ನಿಲ್ಲುವ ಜಾಗ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರು ಹೊರಟು ನಿಂತವರು, ಕೆಲವರು ಸುಮ್ನೆ ಕುತೂಹಲಕ್ಕೆ ಕೇಳಿದವರು, ಒಬ್ಬರು ಬೈದವರು. ಯಜಮಾನರ ಕೆಲಸದಿಂದಾಗಿ ನಾನು ಅದೇ ಕರಾವಳಿಯ ದೊಡ್ಡ ಊರಾದ ಜೆನೋವಾದಲ್ಲಿ ಆರು ವರ್ಷ ಇದ್ದೆ. ಊರಿಂದ ಯಾರೇ ಬಂದರೂ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸವಾಗಿತ್ತು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಒಂದೇ ಊರಿಗೆ, ಮತ್ತೆ ಅದರ ಅಕ್ಕಪಕ್ಕದ ಊರುಗಳಿಗೆ.

ನಾವಿಬ್ಬರೂ ನಿವೃತ್ತರು. ಸೆಪ್ಟೆಂಬರ್‌ನಲ್ಲಿ ಮಿಲಾನ್‌ನಲ್ಲಿರುವ ಮಗನ ಮನೆಗೆ ಹೋಗುತ್ತಿದ್ದೇವೆ. ಅವನಿಗೆ ರಜೆ ಇಲ್ಲ. ನಾವಿಬ್ಬರೇ ಒಂದು ದಿನದಲ್ಲಿ ಪೋರ್ಟೊಫಿನೊ ನೋಡಿ ಬರಬಹುದಾ? 'ಅದೇ ದಿನ ಚಿಂಕ್ವೆ ತೆರ್ರೆಯನ್ನೂ ಮುಗಿಸಿಬಿಡಿ' ಅನ್ನುತ್ತಾನೆ ಮಗ. — ಓದುಗರು, ಮೈಸೂರು

ಹೋಗಿ ಬರಬಹುದು. ಆದರೆ ಮಗನ ಮಾತು ಮಾತ್ರ ಕೇಳಬೇಡಿ. ಚಿಂಕ್ವೆ ತೆರ್ರೆ ಅಂದರೆ ಐದು ಊರು, ಅದಕ್ಕೇ ಒಂದು ದಿನ ಸಾಲದು. ಎರಡನ್ನೂ ಒಂದೇ ದಿನ ಸೇರಿಸಿದರೆ ನಿಮಗೆ ನೆನಪಿರುವುದು ರೈಲಿನ ಸುರಂಗಗಳು ಮಾತ್ರ.

ಮೊದಲು ಒಂದು ವಿಷಯ ಗೊತ್ತಿರಲಿ. ಪೋರ್ಟೊಫಿನೊಗೆ ರೈಲು ಹೋಗುವುದಿಲ್ಲ. ನೀವು ಇಳಿಯಬೇಕಾದ ನಿಲ್ದಾಣದ ಹೆಸರು ಸಾಂತಾ ಮಾರ್ಗೆರಿಟಾ ಲಿಗುರೆ–ಪೋರ್ಟೊಫಿನೊ. ಹೆಸರಿನಲ್ಲಿ ಪೋರ್ಟೊಫಿನೊ ಇದ್ದರೂ ಊರು ಅಲ್ಲಿಂದ ಐದು ಕಿಲೋಮೀಟರ್ ಆಚೆ. ಮಿಲಾನ್ ಚೆಂಟ್ರಾಲೆಯಿಂದ ಜೆನೋವಾ ಮೇಲೆ ಹೋಗುವ ನೇರ ಇಂಟರ್‌ಸಿಟಿ ರೈಲುಗಳಿವೆ, ಎರಡು–ಎರಡೂವರೆ ಗಂಟೆಯ ದಾರಿ. ಬೆಳಿಗ್ಗೆ ಆದಷ್ಟು ಬೇಗ ಹೊರಡಿ. ಜೆನೋವಾ ದಾಟಿದ ಮೇಲೆ ಬಲಗಡೆಯ ಕಿಟಕಿಯಲ್ಲಿ ಸಮುದ್ರ ಕಾಣುತ್ತದೆ. ಕಂಡಿತು ಅನ್ನುವಷ್ಟರಲ್ಲಿ ಸುರಂಗ, ಆಮೇಲೆ ಮತ್ತೆ ಸಮುದ್ರ, ಮತ್ತೆ ಸುರಂಗ. ಅಮ್ಮನನ್ನು ಮೊದಲ ಸಲ ಕರೆದುಕೊಂಡು ಹೋದಾಗ ಪ್ರತಿ ಸುರಂಗದಲ್ಲೂ "ಕರೆಂಟ್ ಹೋಯ್ತು ನೋಡು" ಅನ್ನುತ್ತಿದ್ದಳು.

ನೀವು ಜೆನೋವಾದಲ್ಲಿ ಇಳಿದು ಲೋಕಲ್ ರೈಲು ಹಿಡಿಯುವುದಾದರೆ ಕಾಗದದ ಟಿಕೆಟ್ಟನ್ನು ಹತ್ತುವ ಮೊದಲು ನಿಲ್ದಾಣದಲ್ಲಿರುವ ಸಣ್ಣ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಲೇಬೇಕು. ಟಿಕೆಟ್ ಕೈಯಲ್ಲೇ ಇದ್ದರೂ ಮುದ್ರೆ ಇಲ್ಲದಿದ್ದರೆ ದಂಡ. "ಗೊತ್ತಿರಲಿಲ್ಲ" ಅಂದರೆ ಟಿಸಿ ಪಾಪ ನಗುನಗುತ್ತಲೇ ರಸೀದಿ ಹರಿಯುತ್ತಾರೆ. ನಮ್ಮ ಭಾವನವರಿಗೆ ಹೀಗೇ ಆಯಿತು. ಇನ್ನು ಹಿಂದಿನ ರಾತ್ರಿ ಮಗನಿಗೆ 'ನಾಳೆ ಶೋಪೆರೊ ಇದೆಯಾ' ಅಂತ ಮಾತ್ರ ಕೇಳಿ. ಶೋಪೆರೊ ಅಂದರೆ ಮುಷ್ಕರ. ಇಟಲಿಯಲ್ಲಿ ಹವಾಮಾನದಷ್ಟೇ ಮುಖ್ಯವಾದ ಸುದ್ದಿ ಅದು.

ಮಂಡಿ ನೋವಿದೆ. ಆ ಐದು ಕಿಲೋಮೀಟರ್ ನಡೆಯಲೇಬೇಕಾ? ಬಸ್ ಇಲ್ವಾ? — ಓದುಗರು, ದಾವಣಗೆರೆ

ಬಸ್ ಇದೆ, ದೋಣಿಯೂ ಇದೆ. ಬಸ್ ಸಾಂತಾ ಮಾರ್ಗೆರಿಟಾದ ರೈಲು ನಿಲ್ದಾಣದ ಎದುರಿಂದಲೇ ಹೊರಡುತ್ತದೆ. ಟಿಕೆಟ್ಟನ್ನು 'ಟಿ' ಅಂತ ಬೋರ್ಡ್ ಇರುವ ತಬಾಕಿ ಅಂಗಡಿಯಲ್ಲಿ ಮೊದಲೇ ಕೊಂಡುಕೊಳ್ಳಿ. ಆದರೂ ನನ್ನನ್ನು ಕೇಳಿದರೆ ಹೋಗುವಾಗ ಸ್ವಲ್ಪವಾದರೂ ನಡೆಯಿರಿ, ಬರುವಾಗ ದೋಣಿ ಹಿಡಿಯಿರಿ. ಯಾಕಂದರೆ ಈ ಪ್ರವಾಸದಲ್ಲಿ ನೋಡಬೇಕಾದ್ದು ಊರಿಗಿಂತ ಜಾಸ್ತಿ ಆ ದಾರಿಯಲ್ಲೇ ಇದೆ.

ನಿಲ್ದಾಣದಿಂದ ಇಳಿಜಾರಿನಲ್ಲಿ ಹತ್ತು ನಿಮಿಷ ಇಳಿದರೆ ಸಾಂತಾ ಮಾರ್ಗೆರಿಟಾದ ಕಡಲ ತೀರ. ಅಲ್ಲಿನ ಮನೆಗಳ ಗೋಡೆಗಳನ್ನು ಒಮ್ಮೆ ನಿಂತು ನೋಡಿ. ಕಿಟಕಿಯ ಸುತ್ತ ಕೆತ್ತಿದ ಕಲ್ಲು, ಕಂಬ, ಹೂಬಳ್ಳಿ ಎಲ್ಲ ಇವೆ ಅನ್ನಿಸುತ್ತದೆ. ಹತ್ತಿರ ಹೋದರೆ ಅಷ್ಟೂ ಬರೀ ಬಣ್ಣ, ಗೋಡೆ ನುಣ್ಣಗಿದೆ. ಕೆಲವು ಕಿಟಕಿಗಳೂ ಸುಳ್ಳೇ. ಹಸಿರು ಬಾಗಿಲು, ಅರ್ಧ ತೆರೆದ ಹಾಗೆ, ಎಲ್ಲವೂ ಚಿತ್ರ. ಕಲ್ಲು ಕೆತ್ತಿಸುವಷ್ಟು ದುಡ್ಡಿಲ್ಲದಿದ್ದರೆ ಬಣ್ಣದವನನ್ನು ಕರೆಸಿದರಾಯಿತು ಅನ್ನುವ ಈ ಜಾಣತನ ಆ ಇಡೀ ಕರಾವಳಿಯಲ್ಲಿದೆ.

ಅಲ್ಲಿಂದ ಸಮುದ್ರವನ್ನು ಎಡಕ್ಕೆ ಇಟ್ಟುಕೊಂಡು ರಸ್ತೆಬದಿಯ ಕಾಲುದಾರಿಯಲ್ಲಿ ನಡೆಯುವುದು. ಬಹುಪಾಲು ಮಟ್ಟಸವಾದ ದಾರಿ, ಮಂಡಿಗೆ ತೊಂದರೆ ಇಲ್ಲ. ನಡುವೆ ಬಲಗಡೆ ಎತ್ತರದಲ್ಲಿ ಚೆರ್ವಾರಾ ಅನ್ನುವ ಹಳೆಯ ಮಠ ಕಾಣುತ್ತದೆ. 1525ರಲ್ಲಿ ಪಾವಿಯಾ ಯುದ್ಧದಲ್ಲಿ ಸೋತು ಸೆರೆಸಿಕ್ಕ ಫ್ರಾನ್ಸಿನ ರಾಜ ಒಂದನೇ ಫ್ರಾನ್ಸಿಸ್‌ನನ್ನು ಸ್ಪೇನ್‌ಗೆ ಸಾಗಿಸುವಾಗ ಇಲ್ಲಿ ಇಟ್ಟಿದ್ದರು. ಸೆರೆಮನೆ ಅಂದರೆ ಇಂಥ ಜಾಗದಲ್ಲಿ ಇರಬೇಕು ನೋಡಿ. ಆಮೇಲೆ ಬರುವುದು ಪರಾಜ್ಜಿ, ಒಂದು ಪುಟ್ಟ ಕೊಲ್ಲಿ. ಸುತ್ತಲಿನ ಗುಡ್ಡದ ಕಾಡು ನೀರಿನಲ್ಲಿ ಬಿದ್ದು ಸಮುದ್ರ ಹಸಿರು ಗಾಜಿನ ಬಳೆಯ ಬಣ್ಣದಲ್ಲಿರುತ್ತದೆ. ಮರಳಿನ ಬಹುಪಾಲು ಬಾಡಿಗೆ ಛತ್ರಿಗಳಿಗೆ ಹೋಗಿದೆ. ನಮ್ಮಂಥವರಿಗೆ ಒಂದು ಚೂರು ಮಾತ್ರ ಬಿಟ್ಟಿದ್ದಾರೆ.

ಪರಾಜ್ಜಿಯಿಂದ ಮುಂದೆ ರಸ್ತೆ ಬಿಟ್ಟು ಮೇಲಿನ ಮರಗಳ ನಡುವಿನ ಕಾಲುದಾರಿ ಹಿಡಿಯಿರಿ. ಸ್ವಲ್ಪ ಏರು, ಸ್ವಲ್ಪ ಮೆಟ್ಟಿಲು. ಮಂಡಿ ಬೇಡ ಅಂದರೆ ಇಲ್ಲೇ ಬಸ್ ಹತ್ತಬಹುದು. ಈ ಕಾಲುದಾರಿ ಕೊನೆಗೆ ಸಾನ್ ಮಾರ್ಟಿನೊ ಚರ್ಚಿನ ಹತ್ತಿರ ಇಳಿಯುತ್ತದೆ. ಅಡ್ಡಪಟ್ಟೆ ಬಳಿದ ಗೋಡೆಯ ಚರ್ಚು ಅದು. ಕೆಳಗೆ ಇಳಿದರೆ ಪೋರ್ಟೊಫಿನೊದ ಚೌಕ. ಒಟ್ಟು ಒಂದೂಕಾಲು ಗಂಟೆಯ ನಡಿಗೆ. ನಾವು ಎರಡೂವರೆ ಗಂಟೆ ತೆಗೆದುಕೊಂಡಿದ್ದೆವು, ಅಮ್ಮ ಸಿಕ್ಕ ಬೆಂಚಿನಲ್ಲೆಲ್ಲ ಕೂತು ಯಾರ ಯಾರ ಮನೆಯಲ್ಲಿ ಬಟ್ಟೆ ಒಣಗಿಹಾಕಿದ್ದಾರೆ ಅಂತ ನೋಡುತ್ತಿದ್ದಳು.

2017ರಲ್ಲಿ ಸಾಂತಾ ಮಾರ್ಗೆರಿಟಾದ ಪಕ್ಕದ ಊರು ರಾಪಾಲ್ಲೊದಿಂದ ಪೋರ್ಟೊಫಿನೊವರೆಗೆ ಈ ದಾರಿಯ ಉದ್ದಕ್ಕೂ, ಎಂಟು ಕಿಲೋಮೀಟರಿಗೂ ಜಾಸ್ತಿ, ಕೆಂಪು ರತ್ನಗಂಬಳಿ ಹಾಸಿದ್ದರು. ಪ್ರಚಾರಕ್ಕೆ. ಮರುವರ್ಷವೇ, 2018ರ ಅಕ್ಟೋಬರ್ 29ರ ರಾತ್ರಿ ಬಂದ ಬಿರುಗಾಳಿಗೆ ರಸ್ತೆಯೇ ಕಿತ್ತುಹೋಯಿತು. ರಾಪಾಲ್ಲೊ ಬಂದರಿನ ತಡೆಗೋಡೆ ಒಡೆದು ಯಾಟ್‌ಗಳು, ಅಂದರೆ ಶ್ರೀಮಂತರ ಮೋಜಿನ ಹಡಗುಗಳು, ತೆಂಗಿನ ಚಿಪ್ಪಿನ ಹಾಗೆ ಒಂದರ ಮೇಲೊಂದು ಬಿದ್ದವು. ರಸ್ತೆ ಮತ್ತೆ ಶುರುವಾಗಿದ್ದು ಮುಂದಿನ ಏಪ್ರಿಲ್‌ನಲ್ಲಿ. ಅಷ್ಟು ತಿಂಗಳು ಪೋರ್ಟೊಫಿನೊದವರು ಸಾಂತಾ ಮಾರ್ಗೆರಿಟಾಕ್ಕೆ ಬರಬೇಕಾದರೆ ದೋಣಿ, ಇಲ್ಲವೇ ಕಾಡಿನ ದಾರಿ.

ಅಲ್ಲಿ ನಿಂತಿರುವ ಯಾಟ್‌ಗಳ ಒಳಗೆ ಹೋಗಿ ನೋಡಬಹುದಾ ಮೇಡಂ? ಯಾರದ್ದು ಅಂತ ಹೇಗೆ ಗೊತ್ತಾಗುತ್ತದೆ? — ಓದುಗರು, ಬೆಂಗಳೂರು

ಒಳಗೆ ಬಿಡುವುದಿಲ್ಲ. ಯಾರದ್ದು ಅನ್ನುವುದೂ ಗೊತ್ತಾಗುವುದಿಲ್ಲ, ಗೊತ್ತಾಗಬಾರದು ಅಂತಲೇ ಏರ್ಪಾಡು ಮಾಡಿರುತ್ತಾರೆ. ಹಿಂಭಾಗದಲ್ಲಿ ಹಡಗಿನ ಹೆಸರು, ಅದರ ಕೆಳಗೆ ನೋಂದಣಿಯಾದ ಬಂದರಿನ ಹೆಸರು ಬರೆದಿರುತ್ತದೆ. ಒಂದರಲ್ಲಿ ಜಾರ್ಜ್ ಟೌನ್, ಅಂದರೆ ಕೇಮನ್ ದ್ವೀಪ. ಇನ್ನೊಂದರಲ್ಲಿ ವಲೆಟ್ಟಾ, ಅಂದರೆ ಮಾಲ್ಟಾ. ಅಷ್ಟು ಹಡಗುಗಳಲ್ಲಿ ಇಟಲಿಯದ್ದು ಹುಡುಕಬೇಕು. ತೆರಿಗೆ, ಸಿಬ್ಬಂದಿಯ ನಿಯಮ, ಮಾಲೀಕರ ಗುಟ್ಟು, ಇವೆಲ್ಲ ಎಲ್ಲಿ ಅನುಕೂಲವೋ ಅಲ್ಲಿನ ಬಾವುಟ ಹಾರಿಸುತ್ತಾರೆ. ಜತೆಗೆ ಇಟಲಿಯದ್ದೂ ಒಂದು ಪುಟ್ಟ ಬಾವುಟ ಇರುತ್ತದೆ. ಅದು ಬಂದ ಊರಿಗೆ ತೋರಿಸುವ ಮರ್ಯಾದೆ.

ಆದರೆ ದಂಡೆಯಲ್ಲಿ ನಿಂತು ನೋಡುವುದಕ್ಕೇ ಬೇಕಾದಷ್ಟಿದೆ. ಅಲ್ಲಿ ಹಡಗುಗಳು ದಂಡೆಗೆ ಉದ್ದಕ್ಕೆ ನಿಲ್ಲುವುದಿಲ್ಲ, ಹಿಂಭಾಗ ದಂಡೆಗೆ, ಮುಖ ಸಮುದ್ರಕ್ಕೆ. ಕೊಟ್ಟಿಗೆಯಲ್ಲಿ ದನ ಕಟ್ಟಿದ ಹಾಗೆ ಸಾಲಾಗಿ, ಬಾಲ ನಮ್ಮ ಕಡೆ. ಮುಂದೆ ಲಂಗರು ಬಿಟ್ಟು, ಹಿಂದಕ್ಕೆ ರಿವರ್ಸ್ ಬಂದು, ಹಗ್ಗ ಎಸೆದು ಕಟ್ಟುತ್ತಾರೆ. ಕಡಿಮೆ ಜಾಗದಲ್ಲಿ ಜಾಸ್ತಿ ಹಡಗು ಹಿಡಿಸುವ ಉಪಾಯ. ಎರಡು ಹಡಗಿನ ನಡುವೆ ಉಜ್ಜದಿರಲಿ ಅಂತ ಗಾಳಿ ತುಂಬಿದ ದೊಡ್ಡ ದೊಡ್ಡ ಫೆಂಡರ್ ಇಳಿಬಿಟ್ಟಿರುತ್ತಾರೆ. ಅದಕ್ಕೂ ಅಳತೆಗೆ ಹೊಲಿದ ಬಟ್ಟೆಯ ಚೀಲ ತೊಡಿಸಿರುತ್ತಾರೆ, ಬಣ್ಣ ಗೀಚಬಾರದಲ್ಲ. "ಇದಕ್ಕೂ ಸ್ವೆಟರಾ?" ಅಂತ ಅಮ್ಮ.

ಅವಳು ಅಲ್ಲೇ ನಿಂತು ಇನ್ನೊಂದನ್ನು ಕಂಡುಹಿಡಿದಳು. ಹಡಗಿನಿಂದ ದಂಡೆಗೆ ಒಂದು ಕಿರು ಸೇತುವೆ ಇಳಿಸಿರುತ್ತಾರೆ. ಅದರ ಕೆಳ ತುದಿಯಲ್ಲಿ ಒಂದು ಬೆತ್ತದ ಬುಟ್ಟಿ. ಬುಟ್ಟಿಯ ತುಂಬಾ ಚಪ್ಪಲಿ, ಶೂ, ಹಿಮ್ಮಡಿಯ ಸ್ಯಾಂಡಲ್. ಹಡಗಿನ ಮೇಲಿನ ನೆಲ ತೇಗದ ಮರದ್ದು, ಕಲೆ ಬೀಳಬಾರದು, ಗೀರಬಾರದು. ಹಾಗಾಗಿ ಎಂಥ ಕೋಟ್ಯಧಿಪತಿಯಾದರೂ ಅಲ್ಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹತ್ತಬೇಕು. "ನಮ್ಮನೆ ಜಗಲಿಲಿ ಬಿಟ್ಟು ಒಳಗೆ ಬನ್ನಿ ಅಂದ್ರೆ ಮೊಮ್ಮಕ್ಕಳಿಗೆ ಕೋಪ ಬರುತ್ತೆ. ಇಲ್ಲಿ ನೋಡು!" ಅಂದಳು. ಆ ಬುಟ್ಟಿಯ ಫೋಟೊ ಈಗಲೂ ಅವಳ ಫೋನಿನಲ್ಲಿದೆ. ಹಡಗಿನದ್ದು ಇಲ್ಲ.

ತೀರಾ ದೊಡ್ಡ ಹಡಗುಗಳು ಒಳಗೆ ಬರುವುದೇ ಇಲ್ಲ, ಬಂದರು ಅಷ್ಟು ಚಿಕ್ಕದು. ಹೊರಗೆ ಕೊಲ್ಲಿಯಲ್ಲಿ ಲಂಗರು ಹಾಕಿ, ಸಣ್ಣ ಮೋಟಾರ್ ದೋಣಿಯಲ್ಲಿ ಜನ ದಂಡೆಗೆ ಬರುತ್ತಾರೆ.

ನಮ್ಮದು ಮೀನುಗಾರರ ಮನೆ. ಅಲ್ಲಿ ನಿಜವಾದ ಮೀನುಗಾರರು ಇನ್ನೂ ಇದ್ದಾರಾ? ಅಥವಾ ಎಲ್ಲ ಶೋಕಿಯ ದೋಣಿಗಳೇನಾ? — ಓದುಗರು, ಮಲ್ಪೆ

ಈ ಸಲ ಬಂದ ಪತ್ರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ನಿಮ್ಮದು.

ಪೋರ್ಟೊಫಿನೊದಲ್ಲಿ ನಾಲ್ಕು ನೂರರಷ್ಟು ಜನ ಇದ್ದರೆ ಹೆಚ್ಚು, ಅಲ್ಲಿ ಮೀನುಗಾರಿಕೆ ಹೆಸರಿಗೆ ಮಾತ್ರ. ಸಾಂತಾ ಮಾರ್ಗೆರಿಟಾದಲ್ಲಿ ಇನ್ನೂ ಜೀವ ಇದೆ. ಅಲ್ಲಿನ ಕೆಂಪು ಸಿಗಡಿ ಇಟಲಿಗೆಲ್ಲ ಹೆಸರುವಾಸಿ. ಬೇಯಿಸಿದ ಮೇಲೆ ಕೆಂಪಾಗುವುದಲ್ಲ, ಹಸಿಯಾಗಿಯೇ ಕೆಂಪು. ಆಳದ ನೀರಿನಲ್ಲಿ ಟ್ರಾಲರ್ ಎಳೆದು ಹಿಡಿಯುತ್ತಾರೆ. ಯಾಟ್‌ಗಳ ಸಾಲು ಮುಗಿದ ಮೇಲೆ ಬಂದರಿನ ಇನ್ನೊಂದು ತುದಿಯಲ್ಲಿ ಬಲೆಯ ರಾಶಿ, ಐಸ್ ಪೆಟ್ಟಿಗೆ, ತುಕ್ಕಿನ ಟ್ರಾಲರ್, ಎಲ್ಲ ನಿಮ್ಮ ಮಲ್ಪೆಯದ್ದೇ.

ಆದರೆ ನಿಮಗೆ ನಾನು ಹೇಳಬೇಕಾದ್ದು ಗುಡ್ಡದ ಆಚೆ ಬದಿಯ ಕಮೋಲಿ ಎಂಬ ಊರಿನ ಬಗ್ಗೆ. ಹತ್ತೊಂಬತ್ತನೇ ಶತಮಾನದಲ್ಲಿ ಹಾಯಿಹಡಗುಗಳ ದೊಡ್ಡ ಊರು ಅದು. 'ಸಾವಿರ ಬಿಳಿ ಹಾಯಿಗಳ ಊರು' ಅಂತಲೇ ಕರೆಯುತ್ತಾರೆ. 1853ರಲ್ಲೇ ಅಲ್ಲಿನ ಹಡಗು ಮಾಲೀಕರು ತಮ್ಮತಮ್ಮಲ್ಲೇ ಸೇರಿ ಹಡಗು ಮುಳುಗಿದರೆ ಪರಿಹಾರ ಕೊಡುವ ವಿಮಾ ಸಂಘ ಮಾಡಿಕೊಂಡಿದ್ದರು. ಈಗ ಆ ಹಾಯಿ ಯಾವುದೂ ಇಲ್ಲ. ಇರುವುದು ತೊನ್ನಾರೆಲ್ಲಾ, ಅಂದರೆ ಸಮುದ್ರದಲ್ಲಿ ಕಟ್ಟಿ ನಿಲ್ಲಿಸುವ ಬಲೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಪುಂಟಾ ಕಿಯಾಪ್ಪಾ ಎಂಬ ಬಂಡೆಮೂಲೆಯ ಹತ್ತಿರ ಇದನ್ನು ಕಟ್ಟುತ್ತಾರೆ. ದಂಡೆಯ ಉದ್ದಕ್ಕೆ ಬರುವ ಮೀನು ಅಡ್ಡಬಲೆಗೆ ತಾಗಿ ತಿರುಗಿ, ಕೋಣೆಯಂಥ ಬಲೆಯೊಳಗೆ ಹೋಗಿ ಸೇರುತ್ತದೆ. ಆಳುಗಳು ದೋಣಿಯಲ್ಲಿ ನಿಂತು ಕೈಯಲ್ಲೇ ಬಲೆ ಎತ್ತುತ್ತಾರೆ.

ಆ ಬಲೆ ಯಾವುದರದ್ದು ಗೊತ್ತಾ? ತೆಂಗಿನ ನಾರು! ಪ್ರತಿ ವರ್ಷ ಚಳಿಗಾಲದಲ್ಲಿ ಕೂತು ಕೈಯಲ್ಲೇ ಹೆಣೆಯುತ್ತಾರೆ. ಕಾಲ ಮುಗಿದ ಮೇಲೆ ಕಡಿದು ಸಮುದ್ರದ ತಳಕ್ಕೆ ಬಿಟ್ಟುಬಿಡುತ್ತಾರೆ, ಅದು ಅಲ್ಲೇ ಕೊಳೆತು ಕರಗುತ್ತದೆ. ನೈಲಾನ್ ಬಲೆ ಯಾಕಿಲ್ಲ ಅಂದರೆ, ನಾರಿನ ಬಲೆಗೆ ಪಾಚಿ ಕಟ್ಟುತ್ತದೆ, ಪಾಚಿಗೆ ಸಣ್ಣ ಮೀನು ಬರುತ್ತದೆ, ಅದರ ಹಿಂದೆ ದೊಡ್ಡದು. ಕಮೋಲಿಯ ದಂಡೆಯಲ್ಲಿ ಒಣಗಿಸಲು ಹಾಕಿದ್ದ ಆ ಹಗ್ಗ ಮುಟ್ಟಿದಾಗ ಅಂಗೈಗೆ ಚುಚ್ಚಿತು. ಬಾವಿಗೆ ಕಟ್ಟುವ ಹುರಿಹಗ್ಗವೇ. ಹತ್ತಿರ ನಿಂತಿದ್ದ ಮುದುಕರಿಗೆ "ಇದು ನಮ್ಮ ಊರಲ್ಲಿ ಬೆಳೆಯುವ ಮರದ್ದು" ಅಂತ ನನ್ನ ಹರಕು ಇಟಾಲಿಯನ್‌ನಲ್ಲಿ ಹೇಳಿದೆ. ಅವರು ಹಗ್ಗ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕೆಲಸಕ್ಕೆ ಹೋದರು.

ಮೇ ತಿಂಗಳ ಎರಡನೇ ಭಾನುವಾರ ಅಲ್ಲೇ ಇದ್ದರೆ ಕಮೋಲಿಯ ಮೀನು ಹಬ್ಬ ತಪ್ಪಿಸಬೇಡಿ. 1952ರಲ್ಲಿ ಶುರುವಾಗಿದ್ದು. ಮನೆಯ ಅಂಗಳದಷ್ಟು ಅಗಲದ ಬಾಣಲೆಯಲ್ಲಿ ಮೀನು ಕರಿದು ಹಂಚುತ್ತಾರೆ.

ನಾವು ಜೈನರು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ತಿನ್ನುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಅಲ್ಲಿ ಉಪವಾಸವೇ ಗತಿಯಾ? — ಓದುಗರು, ಮೂಡುಬಿದಿರೆ

ಉಪವಾಸ ಬೇಡ. ಇಟಲಿಯಲ್ಲೇ ನಿಮಗೆ ಹೆಚ್ಚು ಹೊಂದುವ ಕರಾವಳಿ ಇದು ಅಂತ ನನ್ನ ಅನಿಸಿಕೆ.

ಸೂರ್ಯನದ್ದು ಮೊದಲು ಮುಗಿಸೋಣ. ರೆಸ್ಟೋರೆಂಟ್‌ಗಳು ರಾತ್ರಿ ಊಟಕ್ಕೆ ಬಾಗಿಲು ತೆಗೆಯುವುದು ಏಳೂವರೆಗೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಒಂಬತ್ತು ದಾಟಿದ ಮೇಲೆ. ಸಾಕಲ್ವಾ?

ಈಗ ತಿನ್ನುವುದು. ಪೆಸ್ಟೊ ಹುಟ್ಟಿದ್ದೇ ಇಲ್ಲಿ. ಕಾಮಕಸ್ತೂರಿಯ ಎಳೆ ಎಲೆ, ಪೈನ್ ಬೀಜ, ಚೀಸ್, ಆಲಿವ್ ಎಣ್ಣೆ, ಉಪ್ಪು, ಎಲ್ಲವನ್ನೂ ಅಮೃತಶಿಲೆಯ ಒರಳಿನಲ್ಲಿ ಅರೆಯುವುದು. ಆದರೆ ಬೆಳ್ಳುಳ್ಳಿ ಇರುತ್ತದೆ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ಇಲ್ಲಿನ ಸಂಪ್ರದಾಯದಲ್ಲಿ ಪೆಸ್ಟೊ ಪಾಸ್ತಾದ ಜತೆ ಆಲೂಗಡ್ಡೆ ಮತ್ತು ಹುರುಳಿಕಾಯಿಯನ್ನೂ ಬೇಯಿಸಿ ಹಾಕುತ್ತಾರೆ. ಚೀಸ್‌ನದ್ದೂ ಕಷ್ಟವಿದೆ. ಪಾರ್ಮೆಸಾನ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಹಾಗಾಗಿ ಪೆಸ್ಟೊ ನಿಮಗೆ ಆಗುವುದಿಲ್ಲ, ಬಿಟ್ಟುಬಿಡಿ.

ಆಗುವುದು ಎರಡು. ಒಂದು ಫೊಕಾಚಾ, ಆಲಿವ್ ಎಣ್ಣೆ ಮತ್ತು ಉಪ್ಪಿನ ಚಪ್ಪಟೆ ಬ್ರೆಡ್ಡು. ಸಾದಾ ಕೇಳಿ, ಈರುಳ್ಳಿ ಹಾಕಿದ್ದೂ ಇರುತ್ತದೆ. ಬೆಳಿಗ್ಗೆ ಬೇಕರಿಯ ಬಾಗಿಲಲ್ಲೇ ಕೊಂಡು ಕಾಗದದಲ್ಲಿ ಸುತ್ತಿಸಿಕೊಂಡು ನಡೆಯುತ್ತಾ ತಿನ್ನುವುದು. ಬೆರಳೆಲ್ಲ ಎಣ್ಣೆ ಆಗುತ್ತದೆ, ಆಗಲಿ. ಇನ್ನೊಂದು ಫರಿನಾಟಾ. ಬರೀ ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು. ಅಗಲವಾದ ತಾಮ್ರದ ತಟ್ಟೆಯಲ್ಲಿ ಹೊಯ್ದು ಸೌದೆ ಒಲೆಯಲ್ಲಿ ಸುಡುತ್ತಾರೆ. ಮೇಲೆ ಕಂದು, ಒಳಗೆ ಮೆತ್ತಗೆ. 1284ರಲ್ಲಿ ಪೀಸಾದವರನ್ನು ಸೋಲಿಸಿ ಬರುತ್ತಿದ್ದ ಜೆನೋವಾದ ಹಡಗಿನಲ್ಲಿ ಬಿರುಗಾಳಿಗೆ ಕಡಲೆಹಿಟ್ಟು, ಎಣ್ಣೆ, ಸಮುದ್ರದ ನೀರು ಕಲೆತು ಬಿಸಿಲಿಗೆ ಒಣಗಿ ಇದಾಯಿತು ಅಂತ ಕಥೆ ಹೇಳುತ್ತಾರೆ. ಕಥೆಯೇ ಇರಬೇಕು. ಅಮ್ಮ ಮಾತ್ರ ಒಂದು ತುತ್ತು ತಿಂದು "ಇದು ನಮ್ಮ ಕಡಲೆಹಿಟ್ಟಿನ ದೋಸೆ, ಒಗ್ಗರಣೆ ಮರೆತಿದ್ದಾರೆ" ಅಂತ ತೀರ್ಪು ಕೊಟ್ಟಳು.

'ಸೆಂಜಾ ಕಾರ್ನೆ, ಸೆಂಜಾ ಪೆಶೆ' ಅಂದರೆ ಮಾಂಸ ಇಲ್ಲದೆ, ಮೀನು ಇಲ್ಲದೆ. 'ಸೆಂಜಾ ಆಲ್ಯೊ' ಅಂದರೆ ಬೆಳ್ಳುಳ್ಳಿ ಇಲ್ಲದೆ. ಈ ಮೂರನ್ನು ಬರೆದಿಟ್ಟುಕೊಳ್ಳಿ. ಬರೀ 'ಸಸ್ಯಾಹಾರಿ' ಅಂದರೆ ಆಂಚೊವಿ ಮೀನನ್ನು ತರಕಾರಿಯ ಲೆಕ್ಕದಲ್ಲಿ ತಂದಿಡುವವರಿದ್ದಾರೆ.

ಒಂದು ದಿನಕ್ಕೆ ಎಷ್ಟು ದುಡ್ಡು ಬೇಕು? ತುಂಬಾ ದುಬಾರಿ ಅಂತ ಕೇಳಿದ್ದೇವೆ. — ಓದುಗರು, ತುಮಕೂರು

ಎಲ್ಲಿ ಕೂರುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಇಟಲಿಯಲ್ಲಿ ಕಾಫಿಗೆ ಎರಡು ದರ, ಕೌಂಟರಿಗೆ ಒರಗಿ ನಿಂತು ಕುಡಿದರೆ ಒಂದು, ಮೇಜಿಗೆ ಕೂತರೆ ಇನ್ನೊಂದು. ನನಗೂ ಮೊದಲ ಸಲ ಇದು ಗೊತ್ತಿರಲಿಲ್ಲ. ಪೋರ್ಟೊಫಿನೊದ ಚೌಕದಲ್ಲಿ ಸಮುದ್ರಕ್ಕೆ ಮುಖ ಮಾಡಿ ಕೂತು ಎರಡು ಕ್ಯಾಪುಚಿನೊ ಹೇಳಿದೆವು. ಬಿಲ್ಲು ನೋಡಿ ಯಜಮಾನರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಂಕಿ ಬದಲಾಗಲಿಲ್ಲ. ಆ ದುಡ್ಡಿನಲ್ಲಿ ಸಾಂತಾದಲ್ಲಿ ಇಬ್ಬರ ಮಧ್ಯಾಹ್ನದ ಊಟ ಆಗುತ್ತಿತ್ತು. ಅಂದಿನಿಂದ ಕಾಫಿ, ಊಟ, ಎಲ್ಲ ಸಾಂತಾದಲ್ಲೇ. ಪೋರ್ಟೊಫಿನೊಗೆ ಹೋಗುವಾಗ ಚೀಲದಲ್ಲಿ ಫೊಕಾಚಾ, ನೀರಿನ ಬಾಟಲಿ. ನೀರು ಕೊಳ್ಳಬೇಡಿ, ಸಾರ್ವಜನಿಕ ನಲ್ಲಿಯ ನೀರು ಕುಡಿಯುವುದಕ್ಕೆ ಚೆನ್ನಾಗಿದೆ. ಊಟದ ಬಿಲ್ಲಿನಲ್ಲಿ 'ಕೊಪೆರ್ತೊ' ಅಂತ ಒಂದು ಸಾಲು ಇರುತ್ತದೆ. ತಟ್ಟೆ ಇಟ್ಟಿದ್ದಕ್ಕೆ, ಬ್ರೆಡ್ಡಿಗೆ ತಲೆಗಿಷ್ಟು ಅಂತ. ಮೋಸ ಅಲ್ಲ, ಅಲ್ಲಿನ ಪದ್ಧತಿ.

ಪೋರ್ಟೊಫಿನೊದಲ್ಲಿ ಸೆಲ್ಫಿ ತೆಗೆದರೆ ದಂಡ ಹಾಕುತ್ತಾರಂತೆ, ನಿಜವಾ? — ಓದುಗರು, ಕಲಬುರಗಿ

ಅರ್ಧ ನಿಜ. 2023ರ ವಸಂತದಲ್ಲಿ ಬಂದರಿನ ಬದಿಯ ಎರಡು ಇಕ್ಕಟ್ಟಿನ ಜಾಗಗಳನ್ನು 'ಇಲ್ಲಿ ನಿಲ್ಲಬಾರದು' ಅಂತ ಗುರುತು ಮಾಡಿದರು. ಹಗಲು ಹತ್ತೂವರೆಯಿಂದ ಸಂಜೆ ಆರರವರೆಗೆ. ದಂಡ 275 ಯೂರೋವರೆಗೆ ಇತ್ತು. ಸೆಲ್ಫಿಗೆ ದಂಡ ಅಲ್ಲ, ದಾರಿ ಕಟ್ಟಿ ನಿಂತಿದ್ದಕ್ಕೆ. ಆದರೆ ಅಲ್ಲಿ ಎಲ್ಲರೂ ನಿಲ್ಲುವುದೇ ಸೆಲ್ಫಿಗೆ, ಹಾಗಾಗಿ ಸುದ್ದಿ ಹಾಗೇ ಹರಡಿತು. ಹತ್ತು ಗಂಟೆಯೊಳಗೆ ಹೋಗಿ, ಫೋಟೊ ತೆಗೆದುಕೊಂಡು ಮೇಲಕ್ಕೆ ಹತ್ತಿಬಿಡಿ. ಒಳ್ಳೆಯ ಫೋಟೊ ಬರುವುದೂ ಮೇಲಿನಿಂದಲೇ. ಸಾನ್ ಜಾರ್ಜೊ ಚರ್ಚಿನ ಜಗಲಿಯಿಂದ ಒಂದು ಕಡೆ ಬಂದರು, ಇನ್ನೊಂದು ಕಡೆ ತೆರೆದ ಸಮುದ್ರ. ಅಲ್ಲಿಂದ ಇನ್ನೂ ಸ್ವಲ್ಪ ಮೇಲೆ ಕಸ್ತೆಲ್ಲೊ ಬ್ರೌನ್. ಹಿಂದೆ ಕೋಟೆ, 1867ರಲ್ಲಿ ಜೆನೋವಾದ ಬ್ರಿಟಿಷ್ ಕಾನ್ಸುಲ್ ಯೇಟ್ಸ್ ಬ್ರೌನ್ ಕೊಂಡು ಮನೆ ಮಾಡಿಕೊಂಡ. 1961ರಿಂದ ಊರಿನ ಪುರಸಭೆಯದ್ದು. ಅದೇ ದಾರಿ ಮುಂದೆ ದೀಪಸ್ತಂಭದವರೆಗೆ ಹೋಗುತ್ತದೆ. ಚೌಕದಲ್ಲಿ ನೂಕುನುಗ್ಗಲು ಇದ್ದಾಗಲೂ ಅಲ್ಲಿ ಹಲ್ಲಿ ಸರಿದ ಸದ್ದು ಕೇಳುತ್ತದೆ.

ನೀರಿನೊಳಗೆ ಏಸುವಿನ ವಿಗ್ರಹ ಇದೆಯಂತಲ್ಲ, ಅದು ಅಲ್ಲೇ ಹತ್ತಿರವಾ? — ಓದುಗರು, ಭಟ್ಕಳ

ಹತ್ತಿರವೇ, ಆದರೆ ಅದೇ ದಿನ ಬೇಡ. ಸಾನ್ ಫ್ರುತ್ತುವೊಸೊ ಅನ್ನುವ ಕೊಲ್ಲಿ. ರಸ್ತೆಯೇ ಇಲ್ಲ, ದೋಣಿ ಅಥವಾ ಕಾಲ್ನಡಿಗೆ. ದಂಡೆಯಲ್ಲಿ ಮಧ್ಯಯುಗದ ಒಂದು ಮಠ, ನೀರಿನೊಳಗೆ ಸುಮಾರು 17 ಮೀಟರ್ ಆಳದಲ್ಲಿ ಕೈಯೆತ್ತಿ ನಿಂತ ಕಂಚಿನ ಏಸು. 1947ರಲ್ಲಿ ಅಲ್ಲೇ ಮುಳುಗುವಾಗ ಸತ್ತ ಡೈವರ್ ಡಾರಿಯೊ ಗೊನ್ಜಾಟ್ಟಿಯ ನೆನಪು ಅದರ ಹಿಂದಿದೆ. ಇಳಿಸಿದ್ದು 1954ರ ಆಗಸ್ಟ್‌ನಲ್ಲಿ. ಡೈವಿಂಗ್ ಬಾರದಿದ್ದರೆ ದಂಡೆಯ ಮೇಲಿನಿಂದ ಏನೂ ಕಾಣುವುದಿಲ್ಲ.

ಬೇಡ ಅಂದಿದ್ದಕ್ಕೆ ಕಾರಣ ಇದೆ. ಒಮ್ಮೆ ನಾವು ಮಧ್ಯಾಹ್ನ ಹೋದೆವು. ಮೂರು ಗಂಟೆಗೆ ಗಾಳಿ ಎದ್ದು ಅಲೆ ಜೋರಾಯಿತು, ವಾಪಸ್ ದೋಣಿ ಬರಲೇ ಇಲ್ಲ. ಕಾಡಿನ ದಾರಿಯಲ್ಲಿ ಪೋರ್ಟೊಫಿನೊವರೆಗೆ ಎರಡು ಗಂಟೆಗೂ ಮೇಲೆ ಏರಿ ಇಳಿದು ನಡೆದೆವು. ನನ್ನ ಕಾಲಲ್ಲಿ ಇದ್ದದ್ದು ಹವಾಯಿ ಚಪ್ಪಲಿ. ಹೋಗುವುದಾದರೆ ಬೆಳಿಗ್ಗೆ ಹೋಗಿ, ಶೂ ಹಾಕಿ, ಕೊನೆಯ ದೋಣಿಯನ್ನು ನಂಬಬೇಡಿ.

ಶೌಚಾಲಯ? — ಓದುಗರು, ಹಾಸನ

ಒಂದೇ ಪದದ ಪತ್ರ, ಆದರೆ ಎಲ್ಲರ ಪರವಾಗಿ ಕೇಳಿದ್ದೀರಿ. ಯಾವುದಾದರೂ ಕೆಫೆಗೆ ಹೋಗಿ ನಿಂತು ಒಂದು ಕಾಫಿ ಕುಡಿಯಿರಿ, 'ಬಾನ್ಯೊ?' ಅಂತ ಕೇಳಿ. ನಡಿಗೆ ಶುರು ಮಾಡುವ ಮೊದಲು, ಸಾಂತಾದಲ್ಲೇ.

ಬೆಲೆಬಾಳುವ ಹಡಗು, ಬೆಲೆಬಾಳುವ ಅಂಗಡಿ. ಶ್ರೀಮಂತರು ಮಜಾ ಮಾಡುವ ಊರನ್ನು ಬೇಲಿ ಹೊರಗೆ ನಿಂತು ನೋಡಿ ಬನ್ನಿ ಅಂತ ನಮಗೆ ಹೇಳುತ್ತಿದ್ದೀರಲ್ಲ, ನಾಚಿಕೆ ಆಗುವುದಿಲ್ಲವಾ? — ಓದುಗರು, ಹುಬ್ಬಳ್ಳಿ

ಬೈದವರು ನೀವೇ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಆ ಕ್ಯಾಪುಚಿನೊ ಬಿಲ್ಲಿನ ದಿನ ನನಗೂ ಬಂದಿತ್ತು. ಆದರೆ ಒಂದು ಮಾತು. ಎಲ್ಲರೂ ಕೂತು ಕಾಫಿ ಕುಡಿಯುವ ಆ ಚೌಕದ ಹೆಸರು ಮಾರ್ತಿರಿ ದೆಲ್ ಒಲಿವೆತ್ತಾ, ಅಂದರೆ ಒಲಿವೆತ್ತಾದ ಹುತಾತ್ಮರು. 1944ರ ಡಿಸೆಂಬರ್ ಮೊದಲ ವಾರದ ಒಂದು ರಾತ್ರಿ ಜೆನೋವಾದ ಜೈಲಿನಿಂದ 22 ರಾಜಕೀಯ ಕೈದಿಗಳನ್ನು ಜರ್ಮನ್ನರು ಕರೆತಂದು, ಹತ್ತಿರದ ಒಲಿವೆತ್ತಾ ದಂಡೆಯಲ್ಲಿ ಕೊಂದು ಸಮುದ್ರಕ್ಕೆ ಎಸೆದರು. ಯಾಟ್ ನೋಡುತ್ತಾ ನಿಂತವರಲ್ಲಿ ಎಷ್ಟು ಜನ ಆ ಹೆಸರಿನ ಫಲಕ ಓದುತ್ತಾರೋ. ಸಾನ್ ಜಾರ್ಜೊ ಚರ್ಚು ಹೊಸದಾಗಿ ಕಾಣುವುದೂ ಯುದ್ಧದ ಬಾಂಬಿನಿಂದಲೇ, ಬಿದ್ದದ್ದನ್ನು 1950ರಲ್ಲಿ ಮತ್ತೆ ಕಟ್ಟಿದರು. ಏಪ್ರಿಲ್ 23ಕ್ಕೆ ಹೋದರೆ ಸಂತ ಜಾರ್ಜನ ಹಬ್ಬ, ಅದೇ ಚೌಕದಲ್ಲಿ ದೊಡ್ಡ ಮರದ ಕಾಂಡ ನಿಲ್ಲಿಸಿ ಬೆಂಕಿ ಹಾಕುತ್ತಾರೆ, ನಮ್ಮ ಕಾಮಣ್ಣನ ಹಾಗೆ. ಅಂದು ಚೌಕ ಊರವರದ್ದು. ಬೇಲಿ ಇರುವುದು ಹಡಗಿಗೆ. ದಾರಿಗೆ, ಗುಡ್ಡಕ್ಕೆ, ದೀಪಸ್ತಂಭಕ್ಕೆ ಇಲ್ಲ. ಅದಕ್ಕೇ ಅಂದಿದ್ದು, ಹೋಗಿ, ಅಲ್ಲೇ ಕೂರಬೇಡಿ ಅಂತ.

ಪ್ರವಾಸಕ್ಕೆಲ್ಲ ಹೋಗುವುದು ನಮ್ಮಿಂದಾಗದು. ಆ ಕಡಲೆಹಿಟ್ಟಿನ ತಿಂಡಿ ಹಿಂದಿನ ಅಂಕಣದಲ್ಲೂ ಬಂದಿತ್ತು. ಮನೆಯಲ್ಲಿ ಮಾಡುವುದು ಹೇಗೆ? — ಓದುಗರು, ಶಿರಸಿ

ಒಂದು ಲೋಟ ಕಡಲೆಹಿಟ್ಟಿಗೆ ಮೂರು ಲೋಟ ನೀರು. ಗಂಟಿಲ್ಲದ ಹಾಗೆ ಕದಡಿ ನಾಲ್ಕೈದು ಗಂಟೆ ಬಿಡಿ, ರಾತ್ರಿಯಿಡೀ ಇಟ್ಟರೂ ಆದೀತು. ಮೇಲೆ ಬಂದ ನೊರೆ ತೆಗೆದುಹಾಕಿ. ಉಪ್ಪು, ಮೂರ್ನಾಲ್ಕು ಚಮಚ ಎಣ್ಣೆ ಸೇರಿಸಿ. ಅವರದ್ದು ಕಾಬೂಲಿ ಕಡಲೆಯ ಹಿಟ್ಟು, ನಮ್ಮದು ಕಡಲೆಬೇಳೆಯದ್ದು. ರುಚಿ ಸ್ವಲ್ಪ ಬೇರೆ, ಕೆಲಸಕ್ಕೆ ಅಡ್ಡಿಯಿಲ್ಲ. ಓವನ್ ಇದ್ದರೆ ಎಷ್ಟು ಜೋರು ಆಗುತ್ತದೋ ಅಷ್ಟು ಕಾಯಿಸಿ, ತಟ್ಟೆಗೆ ಎಣ್ಣೆ ಧಾರಾಳ ಸುರಿದು, ಹಿಟ್ಟು ಅರ್ಧ ಬೆರಳು ದಪ್ಪಕ್ಕಿಂತ ಜಾಸ್ತಿ ಆಗದಂತೆ ಹೊಯ್ಯಿರಿ. ಮೇಲೆಲ್ಲ ಕಂದು ಮಚ್ಚೆ ಬರುವವರೆಗೆ ಬಿಡಿ. ಓವನ್ ಇಲ್ಲದಿದ್ದರೆ ದಪ್ಪ ತಳದ ಕಾವಲಿ, ಮುಚ್ಚಳ, ಸಣ್ಣ ಉರಿ. ಅಮ್ಮ ಊರಲ್ಲಿ ಹಾಗೇ ಮಾಡುತ್ತಾಳೆ, ಜತೆಗೆ ಸಾಸಿವೆ–ಕರಿಬೇವಿನ ಒಗ್ಗರಣೆಯನ್ನೂ ಹಾಕಿ ಕೆಡಿಸುತ್ತಾಳೆ. ಕಾಳುಮೆಣಸಿನ ಪುಡಿ ಉದುರಿಸಿ ಬಿಸಿ ಇರುವಾಗಲೇ ತಿನ್ನಿ. ಆರಿದರೆ ಚಪ್ಪಲಿಯ ಅಟ್ಟೆಯ ಹಾಗಾಗುತ್ತದೆ.